ಹರಕೆಗೆ ಹೋದ ಗದ್ದಲ

ತಾಂಕ್ರೆದೊ ಬಾಯಿ ಮುಚ್ಚಿಕೊಂಡಿದ್ದಾನೆ ಅಂತ ಯಾರಾದರೂ ಹೇಳಿದ್ದರೆ ನಮ್ಮ ಓಣಿಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಸಾನ್ ಪೆದ್ರೊದಲ್ಲಿ ಗಟ್ಟಿ ಗಂಟಲಿಗೆ ಬರವಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಕ್ಕರೆ ಕಾರ್ಖಾನೆ, ನಡುವೆ ಮೋಟಾರ್ ಸೈಕಲ್ಲುಗಳು. ಇವುಗಳ ಮಧ್ಯೆ ಬದುಕುವವರು ಪಿಸುಮಾತಾಡಿದರೆ ಯಾರಿಗೆ ಕೇಳಿಸಬೇಕು? ಅಂಥ ಊರಿನಲ್ಲೂ ಅವನ ಗಂಟಲು ಬೇರೆಯೇ. ಐಸು ತುರಿದು, ಲೋಟಕ್ಕೆ ತುಂಬಿ, ಮೇಲೆ ಬಣ್ಣದ ಪಾಕ ಸುರಿದು ಮಾರುವ ಗಾಡಿ ಅವನದು. ಗಾಡಿಗೆ ಒಂದು ಗಂಟೆ ಕಟ್ಟಿದ್ದ, ಅದನ್ನು ಬಾರಿಸಿದ್ದನ್ನು ನಾನು ಕಂಡಿಲ್ಲ. ಚರ್ಚಿನ ಹತ್ತಿರ ನಿಂತು ಅವನು ಹುಣಸೆ, ತೆಂಗಿನಕಾಯಿ, ಸ್ಟ್ರಾಬೆರಿ ಅಂತ ಕೂಗಿದರೆ ನನ್ನ ಅಂಗಡಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಕೂರುತ್ತಿತ್ತು.

ಅವನ ತಂದೆ ಕಾರ್ಖಾನೆಯ ಗದ್ದೆಗಳಲ್ಲಿ ಕಬ್ಬು ಕಡಿಯುವವನು. ನಮ್ಮಲ್ಲಿ ಹುಟ್ಟಿದ ಗಂಡಿಗೆ ಎರಡೇ ದಾರಿ ಅಂತ ಆಗಿನವರು ಹೇಳುತ್ತಿದ್ದರು: ಕೈಗೆ ಕಬ್ಬಿನ ಕತ್ತಿ ಬರಬೇಕು, ಇಲ್ಲ ಬೇಸ್‌ಬಾಲಿನ ಬ್ಯಾಟು ಬರಬೇಕು. ತಾಂಕ್ರೆದೊನ ಕೈಗೆ ಬ್ಯಾಟು ಬಂತು, ಹೆಚ್ಚು ದಿನ ನಿಲ್ಲಲಿಲ್ಲ. ಚೆಂಡು ಹೊಡೆಯುವುದಕ್ಕಿಂತ ಹೊಡೆದ ಮೇಲಿನ ಸಂಭ್ರಮವನ್ನೇ ಅವನು ಚೆನ್ನಾಗಿ ಮಾಡುತ್ತಿದ್ದ ಅಂತ ಜೊತೆಗೆ ಆಡಿದವರು ಇವತ್ತಿಗೂ ನಗುತ್ತಾರೆ. ಯಾವುದೋ ಸಾಧಾರಣ ಹೊಡೆತಕ್ಕೆ ಬ್ಯಾಟನ್ನು ಆಕಾಶಕ್ಕೆ ತೂರಿ, ಎದೆಯುಬ್ಬಿಸಿ ನಿಂತು ನೋಡುತ್ತಿದ್ದನಂತೆ. ಅವನ ನೋಟ ಮುಗಿಯುವಷ್ಟರಲ್ಲಿ ಎದುರಿನವರು ಚೆಂಡು ಹಿಡಿದು ಅವನನ್ನು ಔಟ್ ಮಾಡಿರುತ್ತಿದ್ದರು. ಕಡೆಗೆ ತರಬೇತುದಾರ ಕೈ ಮುಗಿದು ಮನೆಗೆ ಕಳಿಸಿದ. ತಾಂಕ್ರೆದೊ ಬೇಸರ ಮಾಡಿಕೊಳ್ಳಲಿಲ್ಲ, ಐಸಿನ ಗಾಡಿ ತಳ್ಳಿಕೊಂಡು ಕ್ರೀಡಾಂಗಣದ ಬಾಗಿಲಿಗೆ ಬಂದು ನಿಂತ.

ಅವನ ಹೆಂಡತಿ ನೂರಿಸ್ ಆ ಬಾಗಿಲಿನ ಎದುರು ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಚೆಂಡಾಟ ಅಂದರೆ ಏನು ಅಂತ ಅವಳಿಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಒಂದು ದನಿ ದಿನಾ ಕಿಟಕಿಯೊಳಗೆ ಬರುತ್ತಿತ್ತು. ಯಾರಪ್ಪ ಇವನು ಅಂತ ಒಂದು ದಿನ ಹೊರಗೆ ತಲೆ ಹಾಕಿದಳು, ಅಷ್ಟೇ. "ಎಲ್ಲರೂ ನೋಡಿ ಮದುವೆಯಾಗ್ತಾರೆ ಡೋನ್ಯಾ ಫೆಮಿಯಾ, ನಾನು ಕೇಳಿ ಮದುವೆಯಾದೆ" ಅಂತ ಅವಳೇ ನನಗೆ ಹೇಳಿದ್ದಾಳೆ.

ನನ್ನ ಅಂಗಡಿ ಓಣಿಯ ಮೂಲೆಯಲ್ಲಿದೆ. ಅಕ್ಕಿ, ಎಣ್ಣೆ, ಬಾಳೆಕಾಯಿ, ತಣ್ಣನೆ ಬೀರು, ಗೋಡೆಗೆ ಒಂದು ಟಿವಿ. ಟಿವಿ ತಂದಿಟ್ಟವನು ನನ್ನ ಗಂಡ. ಅವನು ತೀರಿಕೊಂಡ ಮೇಲೆ ಈ ಗಲಾಟೆಯ ಪೆಟ್ಟಿಗೆಯನ್ನು ಮಾರಿಬಿಡೋಣ ಅಂದುಕೊಂಡೆ, ಗಿರಾಕಿಗಳು ಬಿಡಲಿಲ್ಲ. ಅಕ್ಟೋಬರಿನಲ್ಲಿ ಪಂದ್ಯಗಳು ಶುರುವಾದರೆ ಜನವರಿ ಮುಗಿಯುವ ತನಕ ನನ್ನದು ಅಂಗಡಿಯಲ್ಲ, ನ್ಯಾಯಾಲಯ. ವಕೀಲರು ಬಹಳ, ನ್ಯಾಯಾಧೀಶರು ಒಬ್ಬರೂ ಇಲ್ಲ.

ಆಗ ಎರಡು ವರ್ಷದಿಂದ ಮೊಕದ್ದಮೆಯೆಲ್ಲ ಒಬ್ಬನ ಮೇಲೆ. ಡೇವಿ ಲಾಂತಿಗುವಾ ಅಂತ ನಮ್ಮ ಹಸಿರು ಅಂಗಿಯ ತಂಡದ ಆಟಗಾರ, ಊರಿಗೆಲ್ಲ 'ನವಿಲು'. ಚೆಂಡು ಬೇಲಿ ದಾಟುತ್ತದೆ ಅಂತ ಗೊತ್ತಾದ ಕೂಡಲೇ ಬೇರೆಯವರು ತಲೆ ತಗ್ಗಿಸಿ ಓಡುತ್ತಾರೆ. ನವಿಲು ಓಡುವುದಿಲ್ಲ. ನಿಲ್ಲುತ್ತಾನೆ. ಹೋಗುವ ಚೆಂಡನ್ನು ನೋಡುತ್ತಾನೆ, ಎಸೆದವನ ಮುಖ ನೋಡುತ್ತಾನೆ, ಬ್ಯಾಟನ್ನು ಎಡಗೈಯಿಂದ ಹೆಗಲ ಹಿಂದಕ್ಕೆ ತೂರುತ್ತಾನೆ. ಆಮೇಲೆ ಮದುಮಗನ ಹಾಗೆ ಮೈದಾನ ಸುತ್ತುತ್ತಾನೆ.

"ಇದು ಆಟ ಅಲ್ಲ, ಮೆರವಣಿಗೆ" ಅನ್ನುತ್ತಿದ್ದವರು ಡೋನ್ ಸಿರೀಲೊ. ಹಿಂದೆ ಕಾರ್ಖಾನೆಯ ತಂಡಕ್ಕೆ ಚೆಂಡೆಸೆದವರು, ತಾಂಕ್ರೆದೊನ ಮಗಳಿಗೆ ಜ್ಞಾನಸ್ನಾನದ ದಿನ ಗಾಡ್‌ಫಾದರ್ ಆಗಿ ನಿಂತವರು. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು 'ಕೊಂಪಾಯ್', ನೂರಿಸ್ ಅವರಿಗೆ 'ಕೊಮಾಯ್'. ಡೋನ್ ಸಿರೀಲೊ ಬಲು ಒಳ್ಳೆಯ ಮನುಷ್ಯ. ಒಳ್ಳೆಯವರನ್ನು ಸಹಿಸುವುದು ಸುಲಭ ಅಂತ ಯಾರು ಹೇಳಿದರು? "ನಮ್ಮ ಕಾಲದಲ್ಲಿ ಯಾವನಾದ್ರೂ ಹಿಂಗೆ ಮೆರೆದಿದ್ರೆ, ಮುಂದಿನ ಚೆಂಡು ನೇರ ಪಕ್ಕೆಲುಬಿಗೆ. ಎದುರಾಳಿಗೂ ಒಂದು ಮರ್ಯಾದೆ ಅಂತ ಇರತ್ತೆ."

"ನಿಮ್ಮ ಚೆಂಡನ್ನ ಅವರು ಬೇಲಿ ದಾಟಿಸ್ತಿದ್ರಲ್ಲ ಕೊಂಪಾಯ್, ಅದಕ್ಕೆ ನಿಮಗೆ ಉರಿ" ಅಂತ ತಾಂಕ್ರೆದೊ. "ಹುಡುಗ ಕಬ್ಬಿನ ಗದ್ದೆಯಿಂದ ಬಂದವನು. ಬದುಕಲ್ಲಿ ಒಂದೇ ಒಂದು ಸಲ ದೊಡ್ಡದೇನೋ ಮಾಡ್ತಾನೆ. ಅದನ್ನ ನಿಂತು ನೋಡಬೇಡ ಅಂದ್ರೆ ಯಾವ ನ್ಯಾಯ?"

"ನೋಡಲಿ. ಬ್ಯಾಟನ್ನ ಯಾಕೆ ಎಸೀಬೇಕು?"

"ಹಿಂಗೆ ಎಸೀಬೇಕು ಅಂತ!" ಅಂದವನೇ ತಾಂಕ್ರೆದೊ ಎದ್ದು ಐಸು ತುರಿಯುವ ಕಬ್ಬಿಣವನ್ನೇ ಬ್ಯಾಟು ಮಾಡಿಕೊಂಡು ನವಿಲಿನ ನಡೆ ನಡೆದು ತೋರಿಸುತ್ತಿದ್ದ. ಒಮ್ಮೆ ಅದು ನನ್ನ ಮೊಟ್ಟೆಯ ತಟ್ಟೆಗಳ ಮೇಲೆ ಬಿತ್ತು. ಬಾಯಿಗೆ ಬಂದ ಹಾಗೆ ಬೈದೆ. ಆದರೂ ನಿಜ ಹೇಳಬೇಕೆಂದರೆ ನನ್ನ ಓಟು ಅವನಿಗೇ. ಗೆದ್ದವನು ಕುಣಿಯದೆ ಸೋತವನು ಕುಣಿಯುತ್ತಾನೆಯೇ? ಡೋನ್ ಸಿರೀಲೊ ಯಾವತ್ತೂ ಬ್ಯಾಟು ಹಿಡಿದು ಗೆದ್ದವರಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ವರ್ಷ ಅಕ್ಟೋಬರಿನಲ್ಲಿ ಪಂದ್ಯಗಳು ಶುರುವಾದ ಮೊದಲ ವಾರವೇ ತಾಂಕ್ರೆದೊ ಕ್ರೀಡಾಂಗಣದ ಬಾಗಿಲಲ್ಲಿ ಗಾಡಿಯ ಪಕ್ಕವೇ ಕುಸಿದು ಬಿದ್ದ. ಕೂಗುತ್ತಿದ್ದವನು ಅರ್ಧದಲ್ಲೇ ನಿಲ್ಲಿಸಿದನಂತೆ, ಜನಕ್ಕೆ ಮೊದಲು ಗೊತ್ತಾದದ್ದು ಅದರಿಂದಲೇ. ಹೃದಯ. ರಾಜಧಾನಿಯ ಆಸ್ಪತ್ರೆಗೆ ಒಯ್ದರು, ಎದೆ ಕೊಯ್ದರು. ಉಳಿಯುವುದು ಅರ್ಧಕ್ಕರ್ಧ ಅಂದರು ವೈದ್ಯರು. ಹೊರಗೆ ಬೆಂಚಿನ ಮೇಲೆ ನೂರಿಸ್ ಒಬ್ಬಳೇ ಕೂತಿದ್ದಳು. ಅಲ್ಲೇ, ಅಲ್ತಾಗ್ರಾಸಿಯಾ ದೇವಮಾತೆಗೆ ಅವಳು ಹರಕೆ ಹೊತ್ತಳು: ನನ್ನ ಗಂಡ ಬದುಕಿದರೆ, ಜನವರಿಯಲ್ಲಿ ನಿನ್ನ ಹಬ್ಬದ ದಿನ ಹಿಗ್ವೇಯಲ್ಲಿರುವ ನಿನ್ನ ದೊಡ್ಡ ಚರ್ಚಿಗೆ ಬಂದು ನಿನ್ನ ಮುಂದೆ ನಿಲ್ಲುವ ತನಕ ಅವನು ಚೆಂಡಾಟದ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ, ಕೈ ಎತ್ತುವುದಿಲ್ಲ.

ಹರಕೆ ಹೊತ್ತವಳು ಅವಳು, ತೀರಿಸಬೇಕಾದವನು ಅವನು. ನಮ್ಮಲ್ಲಿ ಇದೇನೂ ಹೊಸದಲ್ಲ. ನನಗೆ ಜ್ವರ ಬಂದಾಗ ನನ್ನ ತಾಯಿ ಹರಕೆ ಹೊತ್ತು, ಒಂದು ವರ್ಷ ನಾನು ಗೋಣಿತಾಟಿನ ಬಣ್ಣದ ಲಂಗ ತೊಟ್ಟು ಓಡಾಡಿದ್ದೇನೆ. ನನ್ನನ್ನು ಕೇಳಿದವರು ಯಾರು? ಹರಕೆ ಅಂದರೆ ನನಗೆ ಅಂದಿನಿಂದ ಅಷ್ಟಕ್ಕಷ್ಟೆ.

ತಾಂಕ್ರೆದೊ ಬದುಕಿ ಮನೆಗೆ ಬಂದ. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಅಂಗಡಿಗೂ ಬಂದ, ಹಿಂದೆಯೇ ನೂರಿಸ್. ಎಲ್ಲರೂ ಎದ್ದು ತಬ್ಬಿಕೊಂಡರು, ಟಿವಿಯ ಎದುರು ಕುರ್ಚಿ ಹಾಕಿದರು. ಅಷ್ಟರಲ್ಲೇ ನವಿಲು ಒಂದು ಚೆಂಡನ್ನು ಬೇಲಿಯಾಚೆ ಕಳಿಸಿ, ಬ್ಯಾಟು ತೂರಿದ. ಅಂಗಡಿಗೆ ಅಂಗಡಿಯೇ ಅವನತ್ತ ತಿರುಗಿತು. ತಾಂಕ್ರೆದೊ ಎರಡು ಅಂಗೈಗಳನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ತುಟಿ ಬಿಗಿದು, ನೆಲ ನೋಡುತ್ತಾ ಕೂತಿದ್ದ. ನೂರಿಸ್ ಎಲ್ಲರಿಗೂ ಹರಕೆಯ ವಿಷಯ ಹೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ದಿನ ಅವಳು ಅಕ್ಕಿಗೆ ಬಂದಾಗ ಕೇಳಿಯೇಬಿಟ್ಟೆ. "ಅಲ್ಲ ಕಣೇ, ಒಂದು ದೊಡ್ಡ ಮೇಣದ ಬತ್ತಿ ಹೊತ್ಕೊಂಡಿದ್ರೆ ಆಗ್ತಿರಲಿಲ್ವಾ? ಮೊಣಕಾಲಲ್ಲಿ ನಡೀತೀನಿ ಅಂದಿದ್ರೆ ಆಗ್ತಿರಲಿಲ್ವಾ? ಆ ಮನುಷ್ಯನ ಗಂಟಲೇ ಬೇಕಾಗಿತ್ತಾ ನಿನಗೆ?"

ಅವಳು ಚೀಲದ ಬಾಯಿ ಕಟ್ಟುತ್ತಾ ನಿಧಾನಕ್ಕೆ ಹೇಳಿದಳು: "ಮೇಣದ ಬತ್ತಿ ಎಲ್ಲರೂ ಕೊಡ್ತಾರೆ ಡೋನ್ಯಾ ಫೆಮಿಯಾ. ನಾನು ಕೇಳ್ತಾ ಇದ್ದದ್ದು ಸಣ್ಣದಲ್ಲ. ಇದ್ದವರು ಚಿನ್ನ ಕೊಡ್ತಾರೆ. ನಮ್ಮ ಮನೇಲಿ ಬೆಲೆ ಬಾಳೋದು ಏನಿದೆ ಅಂತ ಕೂತು ಯೋಚಿಸ್ದೆ. ಅವನ ಗದ್ದಲ ಒಂದೇ ಇತ್ತು."

"ತಪ್ಪಿಸಿದ್ರೆ?" ಅಂದೆ.

"ತಪ್ಪಿಸಿದ್ರೆ, ಕೊಟ್ಟಿದ್ದನ್ನ ಮಾತೆ ವಾಪಸ್ ತಗೋತಾಳೆ" ಅಂದಳು. ಅವಳ ಮುಖ ನೋಡಿ ನಾನು ಮತ್ತೆ ಅವಳ ಮುಂದೆ ಆ ಮಾತು ಎತ್ತಲಿಲ್ಲ.

ತಾಂಕ್ರೆದೊನನ್ನೂ ಒಮ್ಮೆ ಕೇಳಿದೆ, ನೀನು ಇದನ್ನೆಲ್ಲ ನಂಬುತ್ತೀಯಾ ಅಂತ. "ನಾನು ನಂಬ್ತೀನೋ ಇಲ್ವೋ, ಅದು ಬೇರೆ" ಅಂದ. "ಅವಳು ನಂಬ್ತಾಳೆ. ನಾನು ಒಂದೇ ಒಂದು ಸಲ ಕೂಗಿದ್ರೂ ಸಾಕು, ಅವಳು ಅವತ್ತಿಂದ ನನ್ನ ಹೆಣ ನೋಡ್ಕೊಂಡು ಬದುಕ್ತಾಳೆ."

ಬೇರೆ ಯಾವ ವಿಷಯಕ್ಕೂ ಅವನಿಗೆ ಅಡ್ಡಿಯಿರಲಿಲ್ಲ. ಮಳೆ, ಬೆಲೆ, ರಾಜಕೀಯ, ಏನು ಬೇಕಾದರೂ ಮಾತಾಡಬಹುದಿತ್ತು. ಮಾತಾಡಲು ಹೋದಾಗ ಗೊತ್ತಾಯಿತು, ಅವನಿಗೆ ಬೇರೆ ವಿಷಯವೇ ಇರಲಿಲ್ಲ. ಗಾಡಿ ತಳ್ಳುತ್ತಾ ಹುಣಸೆ, ತೆಂಗಿನಕಾಯಿ ಅನ್ನುತ್ತಿದ್ದ, ಆ ದನಿಗೂ ಜೀವವಿರಲಿಲ್ಲ. ಬೆಕ್ಕು ಏಳುತ್ತಲೂ ಇರಲಿಲ್ಲ.

ಡೋನ್ ಸಿರೀಲೊಗೆ ಮೊದಲು ಹಬ್ಬವೋ ಹಬ್ಬ. ನವಿಲಿನ ಮೇಲೆ ಏನು ಹೇಳಿದರೂ ಎದುರು ಮಾತಿಲ್ಲ. ಎಲ್ಲ ವಾದದಲ್ಲೂ ಅವರೇ ಗೆದ್ದರು. ಡಿಸೆಂಬರ್ ಬರುವಷ್ಟರಲ್ಲಿ ಆ ಗೆಲುವು ಅವರಿಗೇ ಅಜೀರ್ಣವಾಯಿತು. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. "ಏನು ಬ್ಯಾಟ್ ಎಸೀತಾನಪ್ಪ ಈ ಅವಿವೇಕಿ" ಅಂತ ಶುರುಮಾಡಿ ತಾಂಕ್ರೆದೊನತ್ತ ಓರೆಗಣ್ಣಲ್ಲಿ ನೋಡುತ್ತಿದ್ದರು. ಅವನು ನೆಲ ನೋಡುತ್ತಿದ್ದ. ಆಗ ಅವರೇ, "ಈಗ ಕೊಂಪಾಯ್ ಬಾಯಿ ಬಿಡೋ ಹಾಗಿದ್ರೆ ಏನಂತಿದ್ದ? ಬದುಕಲ್ಲಿ ಒಂದೇ ಸಲ ದೊಡ್ಡದು ಮಾಡ್ತಾನೆ ಅಂತಿದ್ದ. ಅದೂ ಒಂದು ಮಾತೇ, ಇಲ್ಲ ಅನ್ನೋಕಾಗಲ್ಲ" ಅಂತ ಅವನ ಪರವಾಗಿಯೂ ವಾದಿಸುತ್ತಿದ್ದರು. ಒಂದೆರಡು ಸಲ ತಮ್ಮ ಎದುರು ತಾವೇ ಸೋತದ್ದೂ ಉಂಟು. ಅಂಗಡಿ ತುಂಬ ನಗು. ತಾಂಕ್ರೆದೊ ನಗುತ್ತಿದ್ದನೋ ಅಳುತ್ತಿದ್ದನೋ ಹೇಳಲಾರೆ, ಭುಜ ಮಾತ್ರ ಅಲುಗುತ್ತಿತ್ತು.

ಕೊನೆಯ ಸುತ್ತಿಗೆ ನಮ್ಮ ಹಸಿರು ಮತ್ತು ರಾಜಧಾನಿಯ ನೀಲಿ ಬಂದವು. ಒಂದು ಪಂದ್ಯದಲ್ಲಿ ನವಿಲಿನ ಮೆರೆದಾಟಕ್ಕೆ ಸೇಡು ತೀರಿಸಲು ನೀಲಿಯ ಎಸೆತಗಾರ ಬೇಕೆಂದೇ ಚೆಂಡನ್ನು ಅವನ ಬೆನ್ನಿಗೆ ಎಸೆದ. ಡೋನ್ ಸಿರೀಲೊ ಹೇಳುತ್ತಿದ್ದ ಹಳೆಯ ಕಾಲದ ನ್ಯಾಯ ಅದೇ. ನವಿಲು ಮಣ್ಣಿನಲ್ಲಿ ಬಿದ್ದು ಹೊರಳಿದ. ತಾಂಕ್ರೆದೊ ಎದ್ದು ನಿಂತ, ಬಾಯಿ ತೆರೆದ. ನೂರಿಸ್ ಬಾಗಿಲಲ್ಲೇ ಇದ್ದಳು. ಅವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಹೊರಗೆ ಹೋದ. ಗಾಡಿಯಲ್ಲಿದ್ದ ಐಸಿನ ಬಂಡೆಯನ್ನು ಹಿಡಿದು ತುರಿದ, ತುರಿದ, ಬಂಡೆಯೆಲ್ಲ ಪುಡಿಯಾಗುವ ತನಕ ತುರಿದ. ಅವತ್ತು ಓಣಿಗೆಲ್ಲ ಪುಕ್ಕಟೆ ಶರಬತ್ತು. ಡೋನ್ ಸಿರೀಲೊ ಒಂದು ಲೋಟ ತೆಗೆದುಕೊಂಡು, "ಬೆನ್ನಿಗೆ ಹೊಡೀಬಾರದಾಗಿತ್ತು, ಅದು ತಪ್ಪೇ" ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು.

ಸರಣಿ ಸಮ ಸಮ ಆಯಿತು. ಕೊನೆಯ ಪಂದ್ಯ ಬಿದ್ದದ್ದು ದೇವಮಾತೆಯ ಹಬ್ಬದ ದಿನವೇ, ನಮ್ಮೂರಲ್ಲೇ, ಮಧ್ಯಾಹ್ನ ನಾಲ್ಕಕ್ಕೆ.

ಈಗ ಅಂಗಡಿಯಲ್ಲಿ ಚೆಂಡಾಟದ ಬದಲು ಹರಕೆಯ ನಿಯಮಗಳ ಚರ್ಚೆ. "ಹಬ್ಬದ ದಿನ ಹೊತ್ತು ಮೂಡಿದ್ರೆ ಹರಕೆ ಮುಗೀತು. ನಾಲ್ಕು ಗಂಟೆಗೆ ಇವನು ಕೂಗಬಹುದು" ಅಂತ ಡೋನ್ ಸಿರೀಲೊ ತೀರ್ಪು ಕೊಟ್ಟರು.

"ಹೊತ್ತು ಮೂಡೋದಲ್ಲ ಕೊಂಪಾಯ್. ಮಾತೆ ಮುಂದೆ ನಿಂತ ಮೇಲೆ ಅಂತ ಹೇಳಿದೀನಿ" ಅಂದಳು ನೂರಿಸ್.

"ಆಯ್ತು ಕೊಮಾಯ್. ಹಾಗಾದ್ರೆ ನಸುಕಿಗೇ ಹೊರಟುಬಿಡೋಣ. ಬೆಳಗಾಗ್ತಾ ಹಿಗ್ವೇ, ಹತ್ತಕ್ಕೆ ದರ್ಶನ, ಮಧ್ಯಾಹ್ನದ ಊಟಕ್ಕೆ ವಾಪಸ್. ನಾಲ್ಕಕ್ಕೆ ಇವನು ಟಿವಿ ಮುಂದೆ ಕೂತು ಅಂಗಡಿ ಹಂಚು ಹಾರಿಸಲಿ."

ಎಲ್ಲರಿಗೂ ಒಪ್ಪಿಗೆಯಾಯಿತು. ಓಣಿಯವರು ಸೇರಿ ಒಂದು ಮಿನಿ ಬಸ್ಸು ಗೊತ್ತುಮಾಡಿದರು. ನಾನೂ ಅಂಗಡಿಗೆ ಬೀಗ ಹಾಕಿ ಹೊರಟೆ. ಹರಕೆಯ ಮೇಲಿನ ಭಕ್ತಿಯಿಂದಲ್ಲ, ಆ ಹುಂಬ ಗಂಟಲು ಮತ್ತೆ ತೆರೆಯುವಾಗ ಹತ್ತಿರ ಇರಬೇಕು ಅನ್ನಿಸಿತು.

ಹಿಗ್ವೇಗೆ ಹೋಗಿ ನೋಡಿದರೆ, ಬಸಿಲಿಕದ, ಅಂದರೆ ಮಾತೆಯ ದೊಡ್ಡ ಚರ್ಚಿನ, ಎದುರಿನ ಬಯಲು ಆಗಲೇ ತುಂಬಿ ತುಳುಕುತ್ತಿದೆ. ಪ್ರತಿ ವರ್ಷ ದಿನವಿಡೀ ಹಂಚಿಕೊಂಡು ಬರುವ ಜನ ಆ ವರ್ಷ ಒಟ್ಟಿಗೇ ನಸುಕಿನಲ್ಲಿ ಬಂದಿಳಿದಿದ್ದರು. ಎಲ್ಲರ ಲೆಕ್ಕಾಚಾರವೂ ಒಂದೇ: ಬೇಗ ದರ್ಶನ ಮುಗಿಸಿ ನಾಲ್ಕಕ್ಕೆ ಮನೆ ಸೇರಬೇಕು. ತಾವೊಬ್ಬರೇ ಬುದ್ಧಿವಂತರು ಅಂತ ಪೂರ್ವ ಸೀಮೆಗೆ ಸೀಮೆಯೇ ಅಂದುಕೊಂಡಿತ್ತು. ಮೇಣದ ಬತ್ತಿ, ಕಿತ್ತಳೆ ಹಣ್ಣು, ಹೂವು ಹಿಡಿದವರಲ್ಲಿ ಅರ್ಧ ಜನ ಹಸಿರು ಟೋಪಿ, ಕಾಲು ಭಾಗ ನೀಲಿ ಟೋಪಿ. ಸರದಿ ಆಮೆಯ ಹಾಗೆ ಸಾಗುತ್ತಿತ್ತು.

ಹತ್ತಾಯಿತು, ಹನ್ನೆರಡಾಯಿತು. ಎಣ್ಣೆಯಲ್ಲಿ ಕರಿದ ರೊಟ್ಟಿ ತಿಂದು, ಕಿತ್ತಳೆ ಸುಲಿದು, ಬಿಸಿಲಿಗೆ ಬೆಂದು ನಿಂತೆವು. "ನಿಮ್ಮ ಉಪಾಯ ಕಿತ್ತಳೆ ಸಿಪ್ಪೆಗೂ ಬೇಡ" ಅಂತ ನಾನು ಡೋನ್ ಸಿರೀಲೊಗೆ ಹೇಳಿದೆ. ಅವರು ಕಿವಿ ಕೇಳದವರಂತೆ ನಿಂತರು. ನಾಲ್ಕು ಗಂಟೆ ಹತ್ತಿರವಾದಾಗ ಅಂಗಿಯೊಳಗಿಂದ ಸಣ್ಣ ರೇಡಿಯೊ ತೆಗೆದರು. ಹಿಂದೆ ಮುಂದೆ ನೋಡಿದರೆ ಎಲ್ಲರ ಕಿವಿಯಲ್ಲೂ ಒಂದೊಂದು ರೇಡಿಯೊ. ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದ ಮುದುಕಿಯರೂ ಪ್ರಾರ್ಥನೆಯ ನಡುವೆ "ಎಷ್ಟಾಯ್ತು?" ಅನ್ನುತ್ತಿದ್ದರು.

ನೂರಿಸ್ ಗಂಡನ ತೋಳು ಹಿಡಿದಿದ್ದಳು. ಬೆಳಗಿನಿಂದ ಬಿಟ್ಟಿರಲಿಲ್ಲ.

ನಮ್ಮ ಮುಂದೆ ರಾಜಧಾನಿಯ ಒಬ್ಬ ದಪ್ಪನೆಯ ಹೆಂಗಸು, ತಲೆಗೆ ನೀಲಿ ವಸ್ತ್ರ. ಪಂದ್ಯ ಅವರ ಕಡೆಗೆ ವಾಲಿದಂತೆಲ್ಲ ಅವಳು ತಿರುಗಿ ತಿರುಗಿ ನಮ್ಮನ್ನು ಕೆಣಕಿದಳು. "ನಿಮ್ಮ ನವಿಲಿಗೆ ಇವತ್ತು ಗರಿ ಕಿತ್ತು ಸಾರು ಮಾಡ್ತಾರೆ ನಮ್ಮವರು." ತಾಂಕ್ರೆದೊ ಸುಮ್ಮನೆ. "ಏನಪ್ಪ, ಬ್ಯಾಟು ಎಸೆಯೋದು ಬಿಟ್ರೆ ಇನ್ನೇನು ಬರತ್ತೆ ಅವನಿಗೆ?" ತಾಂಕ್ರೆದೊನ ಕುತ್ತಿಗೆಯ ನರ ಉಬ್ಬಿತು, ಮಾತಿಲ್ಲ. ಅವಳು ಕನಿಕರದಿಂದ ನೂರಿಸ್ ಕಿವಿಯಲ್ಲಿ ಕೇಳಿದಳು, "ಪಾಪ, ಹುಟ್ಟು ಮೂಕನಾ?"

"ಇಲ್ಲಮ್ಮ, ಇವತ್ತು ಸಂಜೆ ತನಕ" ಅಂದಳು ನೂರಿಸ್.

ವಿಷಯ ತಿಳಿದ ಮೇಲೆ ಆ ಹೆಂಗಸು ಕೆಣಕಲಿಲ್ಲ. ಅವಳೂ ಮಗನ ಮೂತ್ರಪಿಂಡಕ್ಕೆ ಹರಕೆ ಹೊತ್ತು ಬಂದವಳು. ತನ್ನ ಕೊಡೆಯನ್ನು ಅವನ ತಲೆಗೂ ಹಿಡಿದಳು.

ನಾವು ಬಸಿಲಿಕದ ಬಾಗಿಲು ದಾಟಿ ಒಳಗೆ ಬಂದಾಗ ಪಂದ್ಯ ಕೊನೆಯ ಸರದಿಗೆ ಬಂದಿತ್ತು. ನಾವು ಒಂದು ಓಟ ಹಿಂದೆ. ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಮುಗಿಯಿತು. ಒಬ್ಬ ಓಟಗಾರ ಬೇಸಿನಲ್ಲಿ ನಿಂತಿದ್ದಾನೆ. ಬ್ಯಾಟು ಹಿಡಿದು ಬಂದವನು ನವಿಲು; ಚೆಂಡು ಬೇಲಿ ದಾಟಿದರೆ ಇಬ್ಬರ ಓಟವೂ ಸೇರಿ ಗೆಲುವು ನಮ್ಮದು. ಪೀಠದಲ್ಲಿ ಪಾದ್ರಿಗಳು ಪೂಜೆ ನಡೆಸುತ್ತಿದ್ದರು. ರೇಡಿಯೊ ಆರಿಸಿ ಅಂತ ಸ್ವಯಂಸೇವಕನೊಬ್ಬ ಬಂದು ಗದರಿದ. ಡೋನ್ ಸಿರೀಲೊ ಅದನ್ನು ಟೋಪಿಯೊಳಗೆ ಇಟ್ಟುಕೊಂಡು, ಟೋಪಿಯನ್ನು ಎದೆಗೆ ಒತ್ತಿಕೊಂಡು ಮಹಾ ಭಕ್ತನಂತೆ ನಿಂತರು. ಸ್ವಯಂಸೇವಕನೂ ಅಲ್ಲೇ ಹತ್ತಿರ ನಿಂತ, ಹೋಗಲಿಲ್ಲ. ದೇವಮಾತೆಯ ಚಿತ್ರ ನಮಗೆ ಕಾಣುತ್ತಿತ್ತು. ಕೆಲವೇ ಜನ ನಮ್ಮ ಮುಂದೆ.

ಟೋಪಿಯೊಳಗಿನಿಂದ ಸಣ್ಣ ದನಿ ಬಂತು. "ಹೊಡೆದ... ಎತ್ತರಕ್ಕೆ ಹೋಯ್ತು... ಹೋಗ್ತಾ ಇದೆ... ಹೋಗ್ತಾ..."

ಮುಂದಿನದು ಕೇಳಲಿಲ್ಲ. ಬಸಿಲಿಕದೊಳಗೆ ಒಂದು ಭೋರ್ಗರೆತ ಎದ್ದಿತು. ಹಸಿರು ಟೋಪಿಗಳೆಲ್ಲ ಮೇಲೆ ಹಾರಿದವು, ಗುರುತು ಪರಿಚಯ ಇಲ್ಲದವರು ತಬ್ಬಿಕೊಂಡರು, ಹೊರಗೆ ಬಯಲಿನ ಕೂಗು ಬಾಗಿಲಿಂದ ನುಗ್ಗಿ ಬಂತು. ಪಾದ್ರಿಗಳು ಎತ್ತಿದ ಕೈಯನ್ನು ಹಾಗೇ ಹಿಡಿದು ಕಾದರು. ನಾನೂ ಕಿರುಚಿದೆ, ಸುಳ್ಳೇಕೆ ಹೇಳಲಿ. ಆಮೇಲೆ ನೆನಪಾಗಿ ತಿರುಗಿ ನೋಡಿದೆ.

ತಾಂಕ್ರೆದೊನ ಎರಡು ಕೈಗಳೂ ಮೇಲೇಳುತ್ತಿದ್ದವು. ಅವನು ಎತ್ತುತ್ತಿರಲಿಲ್ಲ, ಅವು ತಾವಾಗಿಯೇ ಏಳುತ್ತಿದ್ದವು. ಸೊಂಟ ದಾಟಿ, ಹೊಟ್ಟೆ ದಾಟಿ ಬಂದವು. ಬಾಯಿ ಅರ್ಧ ತೆರೆದಿತ್ತು. ನೂರಿಸ್ ತೋಳು ಬಿಟ್ಟುಬಿಟ್ಟಿದ್ದಳು, ಹಿಡಿದೆಳೆಯಲಿಲ್ಲ. ಮೂರು ತಿಂಗಳು ಕಾಪಾಡಿಕೊಂಡು ಬಂದದ್ದು ಇನ್ನು ಹತ್ತು ಹೆಜ್ಜೆಯ ದೂರದಲ್ಲಿ ಚೆಲ್ಲಿಹೋಗುತ್ತದೆ ಅಂದುಕೊಂಡೆ. ಹರಕೆ ನಂಬದ ನಾನೇ ಆಗ, ತಾಯೀ ಹಿಡಿ ಅವನನ್ನ, ಅಂದೆ.

ಕೈಗಳು ಎದೆಯ ಹತ್ತಿರ ಬಂದು ನಿಂತವು. ಅವನು ಅವೆರಡನ್ನೂ ಜೋಡಿಸಿದ. ಬಾಯಿ ಮುಚ್ಚಿದ. ಸುತ್ತಲೂ ಕುಣಿಯುವವರ ನಡುವೆ ಕಣ್ಣೀರು ಸುರಿಸುತ್ತಾ ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಹೋದ. ಸೋತ ನೀಲಿ ತಂಡದ ಆ ಹೆಂಗಸು ಅಳುತ್ತಾ, "ದಾರಿ ಬಿಡ್ರೋ, ದಾರಿ ಬಿಡ್ರೋ, ಹರಕೆಯವನು" ಅಂತ ಜನರನ್ನು ಸರಿಸಿದಳು.

ಚಿತ್ರದ ಮುಂದೆ ಗಂಡ ಹೆಂಡತಿ ಇಬ್ಬರೂ ನಿಂತರು. ಅವನು ಏನು ಹೇಳಿಕೊಂಡನೋ ನನಗೆ ಕೇಳಲಿಲ್ಲ. ನೂರಿಸ್ ಮೇಣದ ಬತ್ತಿ ಹಚ್ಚಿಟ್ಟು, ಅವನ ಕಡೆ ತಿರುಗಿ ಹೇಳಿದ್ದು ಕೇಳಿತು. "ಮುಗೀತು. ಇನ್ನು ಕೂಗು."

ತಾಂಕ್ರೆದೊ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ, ಗಾಳಿ ಮಾತ್ರ ಬಂತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ನೀರು ಕುಡಿಸಿದೆವು, ಬೆನ್ನು ತಟ್ಟಿದೆವು. ಇಡೀ ಹಿಗ್ವೇ ಕುಣಿಯುತ್ತಿತ್ತು, ಅವನು ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ನೂರಿಸ್‌ಗೆ ಹೊಸ ಭಯ ಹಿಡಿಯಿತು. "ಮಾತೆ ಇಟ್ಕೊಂಡುಬಿಟ್ಳಾ?" ಅಂತ ನನ್ನ ಕೈ ಹಿಸುಕಿದಳು. ನಾನು ಏನೋ ಸಮಾಧಾನ ಹೇಳಿದೆ, ನನಗೇ ಸಮಾಧಾನವಿರಲಿಲ್ಲ.

ಬಸ್ಸು ಹತ್ತಿದೆವು. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಕತ್ತಲು ಇಳಿದಿತ್ತು, ಬಸ್ಸಿನೊಳಗೆ ದೀಪ ಉರಿಯುತ್ತಿತ್ತು. ಬಸ್ಸಿನಲ್ಲಿ ಒಂದೇ ಪ್ರಶ್ನೆ: ನವಿಲು ಬ್ಯಾಟನ್ನು ಏನು ಮಾಡಿದ? ರೇಡಿಯೊ ಅದನ್ನು ಹೇಳುವ ಹೊತ್ತಿಗೆ ಗದ್ದಲದಲ್ಲಿ ಎಲ್ಲರ ಕಿವಿಯೂ ಮುಚ್ಚಿಹೋಗಿತ್ತು, ಟಿವಿ ನೋಡಿದವರು ಬಸ್ಸಿನಲ್ಲಿ ಒಬ್ಬರೂ ಇಲ್ಲ. ಆಕಾಶಕ್ಕೆ ಎಸೆದ ಅಂದರು ಕೆಲವರು, ಪ್ರೇಕ್ಷಕರ ಕಡೆ ಎಸೆದ ಅಂದರು ಕೆಲವರು.

ಡೋನ್ ಸಿರೀಲೊ ಗಂಟಲು ಸರಿಮಾಡಿಕೊಂಡರು. ಅವರು ಬೇಕೆಂದೇ ಹೇಳಿದರೋ, ಸ್ವಭಾವವೇ ಹಾಗೋ, ಇವತ್ತಿಗೂ ನನಗೆ ಗೊತ್ತಿಲ್ಲ. "ನನಗನ್ನಿಸತ್ತೆ, ಇವತ್ತು ಅವನು ಎಸೆದೇ ಇಲ್ಲ" ಅಂದರು. "ದೇವಮಾತೆ ಹಬ್ಬ. ಬುದ್ಧಿ ಬಂದಿರತ್ತೆ. ಬ್ಯಾಟನ್ನ ಮರ್ಯಾದೆಯಾಗಿ ನೆಲಕ್ಕಿಟ್ಟು, ತಲೆ ತಗ್ಗಿಸಿ, ಒಳ್ಳೆ ಮನೆ ಹುಡುಗನ ಹಾಗೆ ಓಡಿರ್ತಾನೆ."

ಹಿಂದಿನ ಸೀಟಿನಿಂದ ಒಂದು ಗೊರಗೊರ ಸದ್ದು ಬಂತು. "ನೆಲಕ್ಕಿಟ್ನಾ?"

"ಹೌದು. ಮೆತ್ತಗೆ."

"ನೆಲಕ್ಕಿಟ್ನಾ!" ತಾಂಕ್ರೆದೊ ಎದ್ದು ನಿಂತಿದ್ದ. "ರೀ ಕೊಂಪಾಯ್, ನಿಮಗೆ ದೇವರು ಕಣ್ಣು ಕೊಟ್ಟಿದ್ದೇ ದಂಡ! ಬೆನ್ನಿಗೆ ಚೆಂಡು ತಿಂದವನು, ಊರವರೆಲ್ಲ ನೋಡ್ತಿರೋವಾಗ, ಕೊನೇ ಹೊಡೆತ ಹೊಡೆದು ಬ್ಯಾಟನ್ನ ನೆಲಕ್ಕಿಡ್ತಾನಾ? ಕೊಡಿ ಇಲ್ಲಿ ಆ ಕೊಡೆ!"

ಯಾರದೋ ಕೊಡೆ ಕಸಿದುಕೊಂಡು ಬಸ್ಸಿನ ನಡುದಾರಿಗೆ ಬಂದ. ಬಸ್ಸು ಓಲಾಡುತ್ತಿತ್ತು, ಅವನು ಓಲಾಡಲಿಲ್ಲ. ನವಿಲು ಹೇಗೆ ನಿಂತ, ಎಸೆತಗಾರನ ಹಣೆಯಲ್ಲಿ ಬೆವರು ಹೇಗೆ ಇಳಿಯಿತು, ಚೆಂಡು ಬ್ಯಾಟಿಗೆ ತಗುಲಿದ ಸದ್ದು ಹೇಗಿತ್ತು, ಎಲ್ಲ ಕಣ್ಣಾರೆ ಕಂಡವನ ಹಾಗೆ ಹೇಳಿದ. ಕೊಡೆಯನ್ನು ಹೆಗಲ ಮೇಲಿಂದ ಹಿಂದಕ್ಕೆ ತೂರಿದ. ಅದು ಹಿಂದಿನ ಕಿಟಕಿಗೆ ಬಡಿಯಿತು, ಯಾರೂ ಬೇಡ ಅನ್ನಲಿಲ್ಲ.

"ಸುಳ್ಳು! ನೀನು ನೋಡಿದ್ಯಾ?" ಡೋನ್ ಸಿರೀಲೊ ಕೂತಲ್ಲೇ ಕುಣಿಯುತ್ತಿದ್ದರು. ಅಷ್ಟು ಖುಷಿಯಾಗಿ ಸೋಲುವ ಮನುಷ್ಯನನ್ನು ನಾನು ಕಂಡಿಲ್ಲ.

"ನೋಡಬೇಕಾಗಿಲ್ಲ! ಗೊತ್ತು!"

ನೂರಿಸ್ ನನ್ನ ಪಕ್ಕದಲ್ಲಿ ಕೂತಿದ್ದಳು. ಮೊದಲು ನಗುತ್ತಿದ್ದಳು, ಆಮೇಲೆ ಕಣ್ಣು ಒರೆಸಿಕೊಂಡಳು. "ಅಕ್ಟೋಬರಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಡೋನ್ಯಾ ಫೆಮಿಯಾ" ಅಂದಳು ಮೆಲ್ಲಗೆ. "ಮನೆ ಅಷ್ಟು ಸುಮ್ಮನಿದ್ರೆ ಹೆಂಗೆ ನಿದ್ದೆ ಬರತ್ತೆ? ಉಸಿರು ಇದೆಯಾ ಅಂತ ಎದ್ದು ಎದ್ದು ಮೂಗಿನ ಹತ್ರ ಕೈ ಹಿಡಿದು ನೋಡ್ತಿದ್ದೆ."

ನಾನು ಏನೋ ಹೇಳಬೇಕೆಂದು ತಿರುಗುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅಂಥ ಗದ್ದಲದ ಮಧ್ಯೆ ಕಲ್ಲಿನ ಹಾಗೆ ನಿದ್ದೆ.

ಚಾಲಕ ಕನ್ನಡಿಯಲ್ಲಿ ಅವಳನ್ನು ನೋಡಿ ತಾಂಕ್ರೆದೊಗೆ ಗದರಿದ. "ಯಜಮಾನ, ಸ್ವಲ್ಪ ಮೆತ್ತಗೆ. ಹೆಂಗಸು ಮಲಗಿದಾರೆ."

ತಾಂಕ್ರೆದೊ ಥಟ್ಟನೆ ನಿಲ್ಲಿಸಿದ. ನೂರಿಸ್‌ಳ ರೆಪ್ಪೆ ಅಲುಗಿತು.

"ನೀನು ಬಸ್ಸು ಓಡಿಸಪ್ಪ" ಅಂದೆ ನಾನು ಚಾಲಕನಿಗೆ. "ತಾಂಕ್ರೆದೊ, ನೀನು ಕೂಗು. ನೀನು ಸುಮ್ಮನಾದ್ರೆ ಇವಳು ಎದ್ದುಬಿಡ್ತಾಳೆ."

ಸಾನ್ ಪೆದ್ರೊ ಬರುವ ತನಕ ಅವನು ಬಾಯಿ ಮುಚ್ಚಲಿಲ್ಲ, ಅವಳು ಕಣ್ಣು ತೆರೆಯಲಿಲ್ಲ.